ಒಂದೇ ಎನ್‌ಇ2000 ಕಾರ್ಡಿನ ಮೇಲೆ ಒಡಿಐ ಮತ್ತು ಎನ್‌ಡಿಐಎಸ್: ಯಾವುದು ಕೆಳಗಿರಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ನೋಡಿಕೊಳ್ಳುವ ಒಂದು ಮಷೀನ್ ಶಾಪಿನಲ್ಲಿ ಇನ್ನೂ ಒಂದು 486, ಅಂದರೆ ಹಳೆಯ ಡಾಸ್ ಪಿಸಿ, ದುಡಿಯುತ್ತಿದೆ. ಅದರ ಕಾಮ್2 ಪೋರ್ಟಿನಿಂದ ಸಿಎನ್‌ಸಿ ಲೇಥಿಗೆ ಪ್ರೋಗ್ರಾಂ ಹೋಗುತ್ತದೆ. ಸ್ಟಾಕಿನ ಲೆಕ್ಕ ಫಾಕ್ಸ್‌ಪ್ರೊ ಎಂಬ ಡೇಟಾಬೇಸಿನಲ್ಲಿದೆ. ಆ ಫೈಲುಗಳು ನೊವೆಲ್ ಕಂಪನಿಯ ನೆಟ್‌ವೇರ್ 3.12 ಸರ್ವರಿನಲ್ಲಿ ಕೂತಿವೆ. ಡ್ರಾಯಿಂಗ್ ಆಫೀಸಿನವರು ಮಾತ್ರ ತಮ್ಮ ಫೈಲುಗಳನ್ನು ಲಿನಕ್ಸ್ ಮೇಲಿನ ಸಾಂಬಾ ಸರ್ವರಿನಲ್ಲಿ (ಮೈಕ್ರೋಸಾಫ್ಟ್ ಪದ್ಧತಿಯಲ್ಲಿ ಫೈಲ್ ಹಂಚುವ ಸರ್ವರ್) ಇಡುತ್ತಾರೆ. ಅಂದರೆ ಒಂದೇ ಡಾಸ್ ಯಂತ್ರಕ್ಕೆ ಎರಡು ನೆಟ್‌ವರ್ಕ್ ಬೇಕು. ಅದರಲ್ಲಿರುವ ನೆಟ್‌ವರ್ಕ್ ಕಾರ್ಡ್ ಮಾತ್ರ ಒಂದೇ, ಎನ್‌ಇ2000. ಮಾಲಕರು ಸ್ಪಷ್ಟವಾಗಿ ಹೇಳಿದರು: “ಎರಡೂ ಕೂಡೇ ನಡೀಬೇಕ್ರಿ ಸರ. ಒಂದ್ ಬಂದ್ ಮಾಡಿ ಇನ್ನೊಂದ್ ಚಾಲೂ ಮಾಡೂದು ನಮ್ಮ ಹುಡುಗರಿಗೆ ಆಗೂದಿಲ್ಲ.”

ತೊಡಕು ಇರುವುದು ಇಲ್ಲಿ. ನೆಟ್‌ವೇರ್ ಕ್ಲೈಂಟಿಗೆ ಒಡಿಐ ಡ್ರೈವರ್ ಬೇಕು. ಮೈಕ್ರೋಸಾಫ್ಟ್‌ನ ಡಾಸ್ ಕ್ಲೈಂಟಿಗೆ ಎನ್‌ಡಿಐಎಸ್ ಡ್ರೈವರ್ ಬೇಕು. ಎರಡೂ ಕಾರ್ಡಿಗೂ ನೆಟ್‌ವರ್ಕ್ ಸಾಫ್ಟ್‌ವೇರಿಗೂ ನಡುವೆ ನಿಲ್ಲುವ ಡ್ರೈವರ್ ಪದ್ಧತಿಗಳು, 1989ರ ಹೊತ್ತಿಗೆ ಬಂದವು. ಒಡಿಐ ನೊವೆಲ್ ಮತ್ತು ಆ್ಯಪಲ್ ಸೇರಿ ಮಾಡಿದ್ದು, ಎನ್‌ಡಿಐಎಸ್ ಮೈಕ್ರೋಸಾಫ್ಟ್ ಮತ್ತು 3ಕಾಮ್ ಸೇರಿ ಮಾಡಿದ್ದು. ಉದ್ದೇಶ ಎರಡರದ್ದೂ ಒಂದೇ: ಒಂದು ಕಾರ್ಡಿನ ಮೇಲೆ ಹಲವು ಪ್ರೊಟೊಕಾಲ್ ನಡೆಸುವುದು. ಆದರೆ ಎರಡಕ್ಕೂ ಕಾರ್ಡು ಪೂರ್ತಿ ತನ್ನದೇ ಆಗಬೇಕು. ಐಆರ್‌ಕ್ಯೂ (ಕಾರ್ಡು ಪ್ರೊಸೆಸರನ್ನು ಕರೆಯುವ ಸಾಲು) ಒಂದೇ, ಪೋರ್ಟ್ 300 ಒಂದೇ. ಎರಡು ಡ್ರೈವರ್ ಒಟ್ಟಿಗೆ ಲೋಡ್ ಮಾಡುವುದು ಅಂದರೆ ಒಂದು ಲೇಥಿಗೆ ಇಬ್ಬರು ಆಪರೇಟರುಗಳು ಒಮ್ಮೆಗೇ ಕೈ ಹಾಕಿದ ಹಾಗೆ. ಒಂದು ಕೆಳಗೆ ಕೂತು ಕಾರ್ಡನ್ನು ಹಿಡಿಯಬೇಕು, ಇನ್ನೊಂದು ನಡುವೆ ಒಂದು ಶಿಮ್ (ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ಸಣ್ಣ ಪ್ರೋಗ್ರಾಂ) ಇಟ್ಟುಕೊಂಡು ಅದರ ಮೇಲೆ ನಿಲ್ಲಬೇಕು.

“ಇನ್ನೊಂದು ಕಾರ್ಡ್ ಹಾಕಬಾರದಾ?” ಅಂತ ಕೇಳುವವರಿದ್ದಾರೆ. ಸ್ಲಾಟ್ ಮತ್ತು ಐಆರ್‌ಕ್ಯೂ ಖಾಲಿ ಇದ್ದರೆ ಹಾಕಿ, ಅದೇ ಸುಲಭ. ಈ ಯಂತ್ರದಲ್ಲಿ ಇರಲಿಲ್ಲ. ಎನ್‌ಇ2000 ಸಾಮಾನ್ಯವಾಗಿ ಐಆರ್‌ಕ್ಯೂ 3ಕ್ಕೆ ಸೆಟ್ ಆಗಿ ಬರುತ್ತದೆ. ಕಾಮ್2 ಕೂಡ ಅದೇ 3ರ ಮೇಲಿದೆ. ಲೇಥಿಗೆ ಹೋಗುವ ವೈರು ಅದೇ ಪೋರ್ಟಿನಲ್ಲಿ ಇರುವಾಗ ಮೊದಲ ಕೆಲಸವೇ ಕಾರ್ಡನ್ನು 5ಕ್ಕೆ ಸರಿಸುವುದು. ಇದನ್ನು ಬಿಟ್ಟು ಡ್ರೈವರ್ ಜೊತೆ ಎಷ್ಟು ಗುದ್ದಾಡಿದರೂ ಪ್ರಯೋಜನ ಇಲ್ಲ.

ನಾನು ಮೊದಲು ಪರೀಕ್ಷಿಸಿದ್ದು ಒಡಿಐ ಕೆಳಗಿಟ್ಟು, ಅದರ ಮೇಲೆ ಒಡಿನ್‌ಸಪ್ ಎಂಬ ನೊವೆಲ್‌ನ ಶಿಮ್ ಹಾಕುವ ದಾರಿ. ಆಟೊಎಕ್ಸೆಕ್‌ನಲ್ಲಿ ಮೊದಲು ಎಲ್‌ಎಸ್‌ಎಲ್ (ಒಡಿಐನ ಮೂಲ ಪದರ), ನಂತರ ಕಾರ್ಡಿನ ಎನ್‌ಇ2000 ಡ್ರೈವರ್, ಅದರ ಮೇಲೆ ಒಡಿನ್‌ಸಪ್, ಆಮೇಲೆ ಎಲ್ಲವನ್ನೂ ಜೋಡಿಸುವ ನೆಟ್‌ಬೈಂಡ್. ನೆಟ್‌ವೇರ್ ಕಡೆಗೆ ಐಪಿಎಕ್ಸ್‌ಒಡಿಐ (ಪ್ರೊಟೊಕಾಲ್) ಮತ್ತು ವಿಎಲ್‌ಎಂ (ಕ್ಲೈಂಟ್). ಕಾನ್ಫಿಗ್.ಸಿಸ್‌ನಲ್ಲಿ ಎನ್‌ಡಿಐಎಸ್‌ನ ಪ್ರೊಟೊಕಾಲ್ ಮ್ಯಾನೇಜರ್ ಆದ ಪ್ರೊಟ್‌ಮ್ಯಾನ್ ಉಳಿಯಬೇಕು, ಆದರೆ ಕಾರ್ಡಿನ ಎನ್‌ಡಿಐಎಸ್ ಡ್ರೈವರಿನ ಸಾಲನ್ನು ತೆಗೆಯಲೇಬೇಕು. ಅದರ ಜಾಗದಲ್ಲಿ ಈಗ ಒಡಿನ್‌ಸಪ್ ನಿಂತಿರುತ್ತದೆ. ಪ್ರೊಟೊಕಾಲ್.ಐಎನ್‌ಐ ಫೈಲಿನ ಬೈಂಡಿಂಗ್ಸ್ ಸಾಲಿನಲ್ಲಿ ಒಡಿಐ ಡ್ರೈವರಿನ ಹೆಸರನ್ನೇ ಬರೆಯಬೇಕು.

ಈ ದಾರಿಯ ಜೀವ ಇರುವುದು ನೆಟ್.ಸಿಎಫ್‌ಜಿ ಫೈಲಿನಲ್ಲಿ, ಅದರಲ್ಲೂ ಫ್ರೇಮ್ ಸಾಲುಗಳಲ್ಲಿ. ಫ್ರೇಮ್ ಅಂದರೆ ತಂತಿಯ ಮೇಲೆ ಹೋಗುವ ಡೇಟಾ ಕಟ್ಟಿನ ರೂಪ. ಈಥರ್ನೆಟ್ಟಿಗೆ ನಾಲ್ಕು ಫ್ರೇಮ್ ಬಗೆಗಳಿವೆ: 802.3, 802.2, ಈಥರ್ನೆಟ್ ಎರಡು ಮತ್ತು ಸ್ನ್ಯಾಪ್. ಒಡಿನ್‌ಸಪ್‌ಗೆ ನಾಲ್ಕೂ ಬೇಕು. ನೆಟ್‌ವೇರ್‌ಗೆ ಒಂದು ಸಾಕು, ಆದರೆ ಅದು ಸರ್ವರ್ ಆಡುವ ಫ್ರೇಮೇ ಆಗಿರಬೇಕು. ನೆಟ್‌ವೇರ್ 3.11ರ ತನಕ ಡೀಫಾಲ್ಟ್ 802.3 ಇತ್ತು, 3.12ರಿಂದ 802.2 ಆಯಿತು. ಐಪಿಎಕ್ಸ್‌ಒಡಿಐಗೆ ಬೇರೆ ಏನೂ ಹೇಳದಿದ್ದರೆ ಪಟ್ಟಿಯಲ್ಲಿ ಮೊದಲಿರುವ ಫ್ರೇಮಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ 3.12 ಸರ್ವರ್ ಇದ್ದರೆ 802.2ರ ಸಾಲು ಮೇಲೆ ಬರಲಿ. ಕೇಬಲ್ ಚೆನ್ನಾಗಿದ್ದು, ಕಾರ್ಡಿನ ಲೈಟೂ ಮಿನುಗುತ್ತಿದ್ದು, ಆದರೂ ಸರ್ವರ್ ಸಿಗದಿದ್ದರೆ ಮೊದಲು ನೋಡಬೇಕಾದ್ದು ಈ ಸಾಲುಗಳ ಕ್ರಮವನ್ನು.

ಇಷ್ಟು ಕೂತ ಮೇಲೆ ಫಾಕ್ಸ್‌ಪ್ರೊ ಅಲುಗಾಡದೆ ನಡೆಯಿತು. ನೆಟ್‌ವೇರ್ ನೇರವಾಗಿ ತನ್ನದೇ ಡ್ರೈವರಿನ ಮೇಲೆ ಇರುತ್ತದೆ, ನಡುವೆ ಯಾರೂ ಇಲ್ಲ, ಅದಕ್ಕೇ ಈ ಗಟ್ಟಿತನ. ಶಿಮ್‌ನ ಭಾರ ಬೀಳುವುದು ಮೈಕ್ರೋಸಾಫ್ಟ್ ಕಡೆಗೆ ಮಾತ್ರ. ಆ ಕಡೆ ನಮಗೆ ಬೇಕಿದ್ದದ್ದು ದಿನಕ್ಕೆ ಒಂದಿಷ್ಟು ಫೈಲ್ ಕಾಪಿ ಅಷ್ಟೇ. ಒಡಿಐನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ವಿಎಲ್‌ಎಂ, ಐಪಿಎಕ್ಸ್‌ಒಡಿಐ, ಎಲ್‌ಎಸ್‌ಎಲ್ ಇವನ್ನೆಲ್ಲ ಯು ಸ್ವಿಚ್ ಕೊಟ್ಟು, ಏರಿದ ಕ್ರಮಕ್ಕೆ ತಿರುಗಿಸಿ ಇಳಿಸಬಹುದು. ಕಾನ್ಫಿಗ್.ಸಿಸ್‌ನಲ್ಲಿ ಏರಿದ ಡ್ರೈವರಿಗೆ ಈ ಸೌಕರ್ಯ ಇಲ್ಲ, ರೀಬೂಟ್ ಮಾಡಬೇಕು.

ಮೆಮೊರಿ ಮಾತ್ರ ಬಿಗಿ. ಸಾಂಬಾ ಟಿಸಿಪಿ-ಐಪಿ ಬಿಟ್ಟು ಬೇರೆಯದರ ಮೇಲೆ ನಡೆಯುವುದಿಲ್ಲ, ಆದ್ದರಿಂದ ಹಗುರವಾದ ನೆಟ್‌ಬ್ಯೂಯಿ ಪ್ರೊಟೊಕಾಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಡಾಸ್ ಟಿಸಿಪಿ-ಐಪಿ 640 ಕೆಬಿಯಲ್ಲಿ ದೊಡ್ಡ ತುಂಡನ್ನೇ ನುಂಗುತ್ತದೆ. ವಿಎಲ್‌ಎಂಗೆ ಎಂಎಕ್ಸ್ ಸ್ವಿಚ್ ಕೊಟ್ಟರೆ ಅದು ಎಕ್ಸ್‌ಟೆಂಡೆಡ್ ಮೆಮೊರಿಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಕ್ಲೈಂಟಿನಲ್ಲಿ ಫುಲ್ ಬದಲು ಬೇಸಿಕ್ ರೀಡೈರೆಕ್ಟರ್ (ಸರ್ವರಿನ ಫೋಲ್ಡರನ್ನು ಡ್ರೈವ್ ಆಗಿ ತೋರಿಸುವ ಭಾಗ) ಆರಿಸಿಕೊಳ್ಳಿ. ಫೈಲ್ ಕಾಪಿಗೆ ಅದು ಧಾರಾಳ ಸಾಕು. ಉಳಿದದ್ದನ್ನು 640 ಕೆಬಿಯ ಮೇಲಿನ ಜಾಗಕ್ಕೆ ಏರಿಸುವ ಲೋಡ್‌ಹೈ ಕಮಾಂಡ್ ನೋಡಿಕೊಳ್ಳುತ್ತದೆ.

ಎರಡನೆಯದು ಇದರ ಉಲ್ಟಾ: ಎನ್‌ಡಿಐಎಸ್ ಕೆಳಗೆ, ನೆಟ್‌ವೇರ್ ಮೇಲೆ. ಓಎಸ್/2ನಲ್ಲಿ ಇದಕ್ಕೆ ಒಡಿಐ2ಎನ್‌ಡಿಐ ಅಂತ ಒಂದು ಡ್ರೈವರ್ ಇತ್ತು. ಡಾಸ್‌ನಲ್ಲಿ ನಾನು ಹಿಡಿದ ದಾರಿ ಸುತ್ತಿನದು. ಎನ್‌ಡಿಐಎಸ್ ಮೇಲೆ ಡಿಸ್_ಪಿಕೆಟಿ ಎಂಬ ಶಿಮ್ ಹಾಕಿದರೆ ಒಂದು ಪ್ಯಾಕೆಟ್ ಡ್ರೈವರ್ (ಇದರ ವಿಷಯ ಮುಂದೆ ಹೇಳುತ್ತೇನೆ) ಸಿಗುತ್ತದೆ. ಅದರ ಮೇಲೆ ಪಿಡಿಈಥರ್ ಎಂಬ ಇನ್ನೊಂದು ಶಿಮ್ ಹಾಕಿದರೆ ಅದು ಒಡಿಐ ಡ್ರೈವರಿನಂತೆ ಕಾಣುತ್ತದೆ. ಅದರ ಮೇಲೆ ನೆಟ್‌ವೇರ್. ನಡೆಯುತ್ತದೆ, ಸುಳ್ಳಲ್ಲ. ಆದರೆ ಇಡೀ ದಿನ ದುಡಿಯುವ ಫಾಕ್ಸ್‌ಪ್ರೊ ಎರಡೆರಡು ಶಿಮ್ ದಾಟಿ ಸರ್ವರಿಗೆ ಹೋಗಬೇಕು. ದೊಡ್ಡ ಟೇಬಲ್ ಇಂಡೆಕ್ಸ್ ಮಾಡುವಾಗ ಆ ನಿಧಾನ ಕಣ್ಣಿಗೇ ಕಾಣುತ್ತಿತ್ತು. ಕೆಟ್ಟರೆ ಯಾವ ಪದರದಲ್ಲಿ ಕೆಟ್ಟಿತು ಅಂತ ಹುಡುಕುವುದೂ ಕಷ್ಟ. ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ನೆಟ್‌ವೇರ್ ಬೇಡವೇ ಬೇಡ, ಮೈಕ್ರೋಸಾಫ್ಟ್ ಕ್ಲೈಂಟಿನ ಜೊತೆ ಒಂದಿಷ್ಟು ಎಫ್‌ಟಿಪಿ ಬೇಕು ಅನ್ನುವವರಿಗೆ ಮಾತ್ರ ಡಿಸ್_ಪಿಕೆಟಿ ತನಕ ಬಂದು ನಿಲ್ಲುವುದು ಒಳ್ಳೆಯ ಜೋಡಿ. ಪ್ರೊಟೊಕಾಲ್.ಐಎನ್‌ಐನಲ್ಲಿ ಅದಕ್ಕೊಂದು ವಿಭಾಗ ಬರೆದು, ಇಂಟ್‌ವೆಕ್ ಸಾಲಿನಲ್ಲಿ ಹೆಕ್ಸ್ 60 ಕೊಟ್ಟರೆ ಆಯಿತು.

ಪ್ಯಾಕೆಟ್ ಡ್ರೈವರ್ ಅಂದೆನಲ್ಲ, ಅದು ಈ ಇಬ್ಬರಿಗಿಂತ ಹಳೆಯ ಮೂರನೆಯ ಪದ್ಧತಿ. ಎಫ್‌ಟಿಪಿ ಸಾಫ್ಟ್‌ವೇರ್ ಕಂಪನಿಯಿಂದ ಬಂದದ್ದು. ಕ್ರಿನ್‌ವರ್ ಸಂಗ್ರಹದಲ್ಲಿ ಎನ್‌ಇ2000 ಸೇರಿ ಎಷ್ಟೋ ಕಾರ್ಡುಗಳ ಡ್ರೈವರುಗಳು ಸಿಗುತ್ತವೆ. ಒಂದೇ ಸಾಲಿನ ಕಮಾಂಡ್, ಅದರಲ್ಲಿ ಸಾಫ್ಟ್‌ವೇರ್ ಇಂಟರಪ್ಟ್, ಐಆರ್‌ಕ್ಯೂ, ಪೋರ್ಟ್, ಅಷ್ಟೇ. ಬೇರೆ ಕಾನ್ಫಿಗ್ ಫೈಲಿನ ಗೋಜಿಲ್ಲ, ಮೆಮೊರಿಯೂ ತುಂಬಾ ಕಡಿಮೆ. ಅದರ ಮೇಲೆ ಎಂಟಿಸಿಪಿ ಎಂಬ ಡಾಸ್ ಟಿಸಿಪಿ-ಐಪಿ ಪ್ರೋಗ್ರಾಂಗಳ ಕಟ್ಟು ಹಾಕಿದರೆ ಎಫ್‌ಟಿಪಿ, ಟೆಲ್ನೆಟ್, ಪಿಂಗ್ ಎಲ್ಲಾ ಸಿಗುತ್ತವೆ. ಡಾಸ್ ಯಂತ್ರವನ್ನೇ ಎಫ್‌ಟಿಪಿ ಸರ್ವರ್ ಮಾಡಬಹುದು. ಡ್ರೈವ್ ಅಕ್ಷರವೇ ಬೇಕಾದರೆ ಈಥರ್‌ಡಿಎಫ್‌ಎಸ್ ಇದೆ. ಒಂದು ಮಿತಿ ಗೊತ್ತಿರಲಿ: ಒಂದು ಬಗೆಯ ಪ್ಯಾಕೆಟ್ಟನ್ನು ಒಬ್ಬರೇ ಹಿಡಿಯಬಹುದು. ಅಂದರೆ ಎರಡು ಟಿಸಿಪಿ-ಐಪಿ ಪ್ರೋಗ್ರಾಂ ಒಮ್ಮೆಗೇ ನಡೆಯುವುದಿಲ್ಲ.

ನಿಜ ಹೇಳಬೇಕೆಂದರೆ, ಬರೀ ಫೈಲ್ ಸಾಗಿಸುವ ಕೆಲಸ ಇದ್ದಿದ್ದರೆ ನಾನು ಒಡಿಐ, ಎನ್‌ಡಿಐಎಸ್ ಎರಡನ್ನೂ ಬಿಟ್ಟು ಪ್ಯಾಕೆಟ್ ಡ್ರೈವರೇ ಹಾಕುತ್ತಿದ್ದೆ. ಆದರೆ ಇಲ್ಲಿ ನೆಟ್‌ವೇರ್ ಇದೆ. ದಿನವಿಡೀ ನಡೆಯುವ ಕೆಲಸ ಯಾವುದೋ ಅದರ ಡ್ರೈವರೇ ಕೆಳಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಿಮ್‌ನ ತೂಕವನ್ನು ಅಪರೂಪದ ಕೆಲಸ ಹೊರಲಿ.

ಎಂಎಸ್-ಡಾಸ್ 6ರ ಬೂಟ್ ಮೆನುವನ್ನೂ ನೋಡಿದೆ. ಕಾನ್ಫಿಗ್.ಸಿಸ್‌ನಲ್ಲಿ ಎರಡು ವಿಭಾಗ, ಒಂದು ನೆಟ್‌ವೇರ್, ಇನ್ನೊಂದು ಮೈಕ್ರೋಸಾಫ್ಟ್. ಶಿಮ್ಮೇ ಬೇಡ, ಮೆಮೊರಿಯೂ ಉಳಿಯುತ್ತದೆ. ಮನೆಯ ಹವ್ಯಾಸದ ಯಂತ್ರಕ್ಕೆ ಇದೇ ಸರಿ. ಲೇಥಿಗೆ ಪ್ರೋಗ್ರಾಂ ಹೋಗುತ್ತಿರುವಾಗ ರೀಬೂಟ್ ಮಾಡು ಅಂತ ಆಪರೇಟರ್ ಕಾಕಾಗೆ ಹೇಳೋಕಾಗುತ್ತಾ?

ಕೊನೆಗೆ ಆ 486ನಲ್ಲಿ ನಿಂತದ್ದು ಒಡಿಐ ಮೇಲೆ ಒಡಿನ್‌ಸಪ್. ಮುಂದೆ ಎಂಟಿಸಿಪಿ ಬೇಕೆನಿಸಿದರೂ ಈ ತಳಪಾಯ ಬದಲಿಸಬೇಕಿಲ್ಲ. ಮೈಕ್ರೋಸಾಫ್ಟ್ ಭಾಗವನ್ನು ತೆಗೆದು, ಒಡಿಐ ಮೇಲೆಯೇ ಪ್ಯಾಕೆಟ್ ಡ್ರೈವರ್ ಕೊಡುವ ಒಡಿಐಪಿಕೆಟಿ ಎಂಬ ಶಿಮ್ ಹಾಕಬಹುದು. ಅದಕ್ಕೆ ಎರಡು ಸಂಖ್ಯೆ ಕೊಡಬೇಕು. ಮೊದಲನೆಯದು ಫ್ರೇಮಿನ ಕ್ರಮಸಂಖ್ಯೆ, ಸೊನ್ನೆಯಿಂದ ಎಣಿಕೆ. ಎರಡನೆಯದು ಇಂಟರಪ್ಟ್, ಅದು ದಶಮಾಂಶದಲ್ಲಿ, ಅಂದರೆ ಹೆಕ್ಸ್ 60ಕ್ಕೆ 96. ಟಿಸಿಪಿ-ಐಪಿಗೆ ಈಥರ್ನೆಟ್ ಎರಡು ಬೇಕಾದ್ದರಿಂದ, ಅದು ಪಟ್ಟಿಯಲ್ಲಿ ಎರಡನೆಯ ಸಾಲಿನಲ್ಲಿದ್ದರೆ 1 ಮತ್ತು 96.

ಸಾಂಬಾ ಕಡೆ ಒಂದು ಎಚ್ಚರಿಕೆ ಇದೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಡಾಸ್ ಕ್ಲೈಂಟಿಗೆ ಗೊತ್ತಿರುವುದು ಹಳೆಯ ಎಸ್‌ಎಂಬಿ1 ಕಾಲದ ಭಾಷೆ ಮತ್ತು ಹಳೆಯ ಲ್ಯಾನ್‌ಮ್ಯಾನ್ ಪಾಸ್‌ವರ್ಡ್ ಪದ್ಧತಿ. 2019ರ ಸಾಂಬಾ 4.11ರಿಂದ ಎಸ್‌ಎಂಬಿ1 ತಾನಾಗಿ ಬಂದ್ ಇರುತ್ತದೆ, ಕೈಯಾರೆ ತೆರೆಯಬೇಕು. ಹಾಗೆ ತೆರೆದ ಸರ್ವರ್ ಆಫೀಸಿನ ಉಳಿದ ಕಂಪ್ಯೂಟರುಗಳ ಜೊತೆ, ಇಂಟರ್ನೆಟ್ಟಿನ ಜೊತೆ ಒಂದೇ ತಂತಿಯಲ್ಲಿ ಇರಬಾರದು. ನಾವು ಲೇಥಿನ ಫೈಲುಗಳಿಗಷ್ಟೇ ಒಂದು ಬೇರೆ ಸಣ್ಣ ಲಿನಕ್ಸ್ ಡಬ್ಬಿ ಇಟ್ಟೆವು. 486 ಅದನ್ನು ಮತ್ತು ನೆಟ್‌ವೇರ್ ಸರ್ವರನ್ನು ಮಾತ್ರ ನೋಡುತ್ತದೆ. ಡ್ರಾಯಿಂಗ್ ಆಫೀಸಿನವರು ಆ ಡಬ್ಬಿಯ ಇನ್ನೊಂದು ನೆಟ್‌ವರ್ಕ್ ಕಾರ್ಡಿನ ಕಡೆಯಿಂದ, ಎಸ್‌ಎಸ್‌ಎಚ್ ಮೂಲಕ ಫೈಲ್ ಹಾಕುತ್ತಾರೆ.