ಲ್ಯಾಪ್‌ಟಾಪ್ ಸ್ಟ್ಯಾಂಡ್‌: ಕತ್ತಿಗೆ ಬೇಕಾದ ಒಂದು ಗೇಣು ಎತ್ತರ ಯಾವುದರಲ್ಲಿ ಸಿಗುತ್ತದೆ?

ಮಡಚುವ ಸ್ಟ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಎರಡು ಬಗೆ. ಒಂದಕ್ಕೆ ಏಣಿಯಂತೆ ಹಲ್ಲುಗಳು. ಮಡಚಿದರೆ ಕೋಲಿನಷ್ಟಾಗಿ ಬ್ಯಾಗಿಗೆ ಸೇರುತ್ತದೆ. ಇನ್ನೊಂದು ಅಗಲವಾದ ತಳದ ಮೇಲೆ ಎರಡು ಕೀಲುಗಳಿಂದ ಏಳುವ ‘ಝಡ್’ ಆಕಾರದ್ದು. ಕತ್ತು ನೋವಿಗೆಂದೇ ಕೊಳ್ಳುವುದಾದರೆ ಎರಡನೆಯದನ್ನೇ ಕೊಳ್ಳಿ.

ಕಾರಣ ಅಳತೆಯಲ್ಲಿದೆ. ನೆಟ್ಟಗೆ ಕೂತು, ಮೇಜಿನಿಂದ ಕಣ್ಣಿನವರೆಗೆ ಯಾರಿಂದಾದರೂ ಟೇಪ್ ಹಿಡಿಸಿ. ಐದೂವರೆ ಅಡಿಯವರಿಗೆ 75 ಸೆಂ.ಮೀ. ಎತ್ತರದ ಮೇಜಿನಲ್ಲಿ ಅದು 45 ಸೆಂ.ಮೀ. ಆಸುಪಾಸು ಬರುತ್ತದೆ. 14 ಇಂಚಿನ ಲ್ಯಾಪ್‌ಟಾಪ್ ತೆರೆದಿಟ್ಟರೆ ಪರದೆಯ ಮೇಲಂಚು ಮುಟ್ಟುವುದು ಸುಮಾರು 21 ಸೆಂ.ಮೀ. ಮೇಲಂಚು ಕಣ್ಣಿನ ಮಟ್ಟದಲ್ಲೋ ಎರಡು ಬೆರಳು ಕೆಳಗೋ ಇರಬೇಕು. ಅಂದರೆ ಕೊರತೆ ಒಂದು ಗೇಣು. ಆ ಗೇಣನ್ನು ದಿನವಿಡೀ ತುಂಬಿಕೊಡುವುದು ನಮ್ಮ ಕತ್ತು.

ತಲೆಯ ತೂಕ ಐದು ಕಿಲೋ ಗೋಧಿಹಿಟ್ಟಿನ ಚೀಲದಷ್ಟು. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಹಾಕಿದ ಲೆಕ್ಕದಲ್ಲಿ, ತಲೆ 15 ಡಿಗ್ರಿ ಬಾಗಿದರೆ ಕತ್ತಿನ ಮೇಲಿನ ಹೊರೆ ಸುಮಾರು 12 ಕಿಲೋ, 30ಕ್ಕೆ 18, 60ಕ್ಕೆ 27. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಯಾರ ಕತ್ತಿನಲ್ಲೂ ಅಳೆದದ್ದಲ್ಲ. ಆದರೂ ಬಗ್ಗಿದಷ್ಟೂ ಹಿಂಗತ್ತಿನ ಸ್ನಾಯುಗಳು ಜಗ್ಗಿ ಹಿಡಿಯಬೇಕು ಎಂಬುದರಲ್ಲಿ ಅನುಮಾನವಿಲ್ಲ.

ಏಣಿ ಬಗೆಯ ಸ್ಟ್ಯಾಂಡ್‌ನಲ್ಲಿ ಹಿಂಬದಿ ಏರುವುದೇ ಸಾಮಾನ್ಯವಾಗಿ 15 ಸೆಂ.ಮೀ. ಆಸುಪಾಸು. ಕೊನೆಯ ಹಲ್ಲಿಗೇರಿಸಿದರೆ ಲ್ಯಾಪ್‌ಟಾಪ್ ಕಡಿದಾಗಿ ಮುಂದಕ್ಕೆ ವಾಲುತ್ತದೆ. ಆಗ ಪರದೆಯನ್ನು 130 ಡಿಗ್ರಿಗೂ ಹೆಚ್ಚು ತೆರೆಯಬೇಕು, ಎಲ್ಲ ಲ್ಯಾಪ್‌ಟಾಪ್‌ಗಳೂ ಅಷ್ಟು ತೆರೆಯುವುದಿಲ್ಲ. ಪ್ರಯಾಣಕ್ಕೆ ಸರಿ. ಮೇಜಿಗಾದರೆ ಕೆಳಗೆ ಎರಡು ದಪ್ಪ ಪುಸ್ತಕ ಇಡಲೇಬೇಕು.

ಝಡ್ ಬಗೆಯದು ಗೇಣು ಎತ್ತರ ಮುಟ್ಟುತ್ತದೆ, ಲ್ಯಾಪ್‌ಟಾಪನ್ನೂ ಹೆಚ್ಚು ವಾಲಿಸುವುದಿಲ್ಲ. ಇದರ ದೌರ್ಬಲ್ಯ ಕೀಲು. ಕೀಲು ನಿಲ್ಲುವುದು ಬಿಗಿಯಿಂದ ಮಾತ್ರ. ಎರಡು ಕಿಲೋ ತೂಗುವ 15.6 ಇಂಚಿನ ಲ್ಯಾಪ್‌ಟಾಪ್ ಇಟ್ಟು ಕೆಲವು ತಿಂಗಳು ಬಳಸಿದರೆ, ಬೆಳಿಗ್ಗೆ ಹೊಂದಿಸಿದ ಪರದೆ ಸಂಜೆಯೊಳಗೆ ಬೆರಳಗಲ ಇಳಿದಿರುತ್ತದೆ. ನಮಗೆ ಗೊತ್ತೇ ಆಗದೆ ಕತ್ತೂ ಅದರ ಜೊತೆ ಇಳಿದಿರುತ್ತದೆ! ಅಲೆನ್ ಕೀಯಿಂದ (ಆರು ಮೂಲೆಯ, ಎಲ್ ಆಕಾರದ ಕಡ್ಡಿ) ಎರಡೂ ಬದಿಯ ಬೋಲ್ಟುಗಳನ್ನು ಕಾಲು ಸುತ್ತು, ಸಮವಾಗಿ ಬಿಗಿ ಮಾಡಿ. ಒಂದೇ ಬದಿ ಬಿಗಿದರೆ ಮೇಲಿನ ತಟ್ಟೆ ಸೊಟ್ಟಗಾಗುತ್ತದೆ. ಬೋಲ್ಟ್ ಬದಲು ರಿವೆಟ್ ಹೊಡೆದಿದ್ದರೆ ಬಿಗಿ ಮಾಡಲು ದಾರಿಯೇ ಇಲ್ಲ, ಅಂಥದ್ದನ್ನು ಬಿಡಿ. ರಬ್ಬರ್ ಪ್ಯಾಡ್‌ನ ಅಂಟು ಬಿಸಿಗೆ ಬಿಡುತ್ತದೆ. ಹಳೆಯ ಅಂಟನ್ನು ಒರೆಸಿ ತೆಗೆದು ಡಬಲ್ ಸೈಡ್ ಟೇಪ್ ಹಾಕಿದರೆ ಸಾಕು.

ಯಾವ ಸ್ಟ್ಯಾಂಡೇ ಆಗಲಿ, ಬೇರೆ ಕೀಬೋರ್ಡ್ ಮತ್ತು ಮೌಸ್ ಇಲ್ಲದಿದ್ದರೆ ತರಲೇಬೇಡಿ. ಎತ್ತರಕ್ಕೇರಿದ ಲ್ಯಾಪ್‌ಟಾಪ್‌ನಲ್ಲೇ ಟೈಪ್ ಮಾಡಿದರೆ ಹೆಗಲು ಕಿವಿಯ ಕಡೆಗೆ ಏರಿ ನಿಲ್ಲುತ್ತದೆ, ಕತ್ತಿನ ನೋವು ಹೆಗಲಿಗೆ ದಾಟುತ್ತದೆ. ಕೀಬೋರ್ಡ್ ಮೇಜಿನ ಅಂಚಿಗೆ ಹತ್ತಿರವಿರಲಿ, ಮೊಣಕೈ ಮೈಗೆ ತಾಗಿಕೊಂಡು 90 ಡಿಗ್ರಿಯಲ್ಲಿರಲಿ. ಪರದೆ ಒಂದು ತೋಳಿನಷ್ಟು ದೂರ. ಅರ್ಧ ಗಂಟೆಗೊಮ್ಮೆ ಏಳುವುದನ್ನು ಯಾವ ಸ್ಟ್ಯಾಂಡೂ ತಪ್ಪಿಸಲಾರದು.

ಬೈಫೋಕಲ್ ಕನ್ನಡಕದವರು ಪರದೆಯನ್ನು ಇನ್ನೂ ನಾಲ್ಕೈದು ಬೆರಳು ಕೆಳಗಿಳಿಸಬೇಕು. ಇಲ್ಲವಾದರೆ ಕೆಳಗಿನ ಗಾಜಿನಿಂದ ನೋಡಲು ಗಲ್ಲ ಎತ್ತಿ ಎತ್ತಿ ಹಿಂಗತ್ತು ಹಿಡಿದುಕೊಳ್ಳುತ್ತದೆ. ತೋಳಿಗೆ ಜುಮ್ಮೆನ್ನುವುದು, ಬೆರಳು ಮರಗಟ್ಟುವುದು, ಕೈಯ ಹಿಡಿತ ಸಡಿಲವಾಗುವುದು ಇದ್ದರೆ ಸ್ಟ್ಯಾಂಡ್ ಹುಡುಕುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಅಂಗಡಿಗೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ. ಸ್ಟ್ಯಾಂಡನ್ನು ಪೂರ್ತಿ ಎತ್ತರಿಸಿ, ಅದರ ಮೇಲಿಟ್ಟು, ಮೇಜಿಗೆ ಮೆಲ್ಲಗೆ ಒಂದು ಗುದ್ದು ಕೊಡಿ. ಪರದೆ ಎರಡು ಸಲ ಅಲುಗಿ ನಿಂತರೆ ತನ್ನಿ; ತೂಗುತ್ತಲೇ ಇದ್ದರೆ ವಾಪಸ್ ಇಡಿ.