ಗಂಟಲಿಗೆ ಅಂತ ಕೊಂಡ ಸ್ಟೀಲ್ ಸ್ಟ್ರಾ

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆಯ ಪಾತ್ರೆ ಅಂಗಡಿಯಲ್ಲಿ ಸಿಕ್ಕ ಸೆಟ್ ಇದು: ಎರಡು ನೇರ ಸ್ಟ್ರಾ, ಎರಡು ಬಾಗಿದ್ದು, ತೊಳೆಯೋಕೆ ಒಂದು ಬ್ರಷ್. ಮಾರೋದು ಜ್ಯೂಸ್ ಕುಡಿಯೋರಿಗೆ. ನಾನು ತಂದಿದ್ದು ಗಂಟಲಿಗೆ.

ನಾನು ಬೇಲೂರು ದೇವಸ್ಥಾನದಲ್ಲಿ ಗೈಡ್. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸು ಸಾಲುಗಟ್ಟಿದವು ಅಂದ್ರೆ ಮುಗೀತು. ಪಕ್ಕದ ಗೈಡ್ ದನಿ ಏರಿಸ್ತಾನೆ, ನನಗೆ ಗೊತ್ತಿಲ್ಲದೇ ನಾನೂ ಏರಿಸ್ತೀನಿ, ಸಂಜೆಗೆ ಇಬ್ಬರ ಗಂಟಲೂ ಕಟ್ಟಿರುತ್ತೆ. ಸೊಂಟಕ್ಕೆ ಕಟ್ಟೋ ಮೈಕೂ ಇದೆ ನನ್ನ ಹತ್ರ. ಹೊರಗೆ ಮದನಿಕೆಯರನ್ನ ತೋರಿಸುವಾಗ ಒಳ್ಳೇದೇ. ನವರಂಗದ ಒಳಗೆ ಮಾತ್ರ ಕೈಮುಗಿದು ನಿಂತವರು ತಿರುಗಿ ನೋಡ್ತಾರೆ, ಆಫ್ ಮಾಡಲೇಬೇಕು.

ಸ್ಟ್ರಾ ಕೆಲಸ ಹೀಗೆ. ತುಟಿ ಬಿಗಿಯಾಗಿ ಮುಚ್ಚಿ ಅದರೊಳಗಿಂದ 'ಊ' ಅನ್ನಬೇಕು. ಕಿರಿದಾದ ದಾರಿಯಲ್ಲಿ ಗಾಳಿ ಸಲೀಸಾಗಿ ಹೋಗದೆ ಬಾಯೊಳಗೆ ಒತ್ತಡ ಕಟ್ಟುತ್ತೆ. ಆ ಒತ್ತಡ ಮೇಲಿನಿಂದ ಆಸರೆ ಕೊಡೋದರಿಂದ ಧ್ವನಿತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಅದುರ್ತವೆ. ಗಂಡಸು ಮಾತಾಡುವಾಗ ಅವು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುತ್ತವೆ, ಹೆಂಗಸರಲ್ಲಿ 200ರ ಆಸುಪಾಸು. ದಿನವಿಡೀ ಕೂಗಿದ್ರೆ ಏನಾಗುತ್ತೆ ಲೆಕ್ಕ ಹಾಕಿ. ಈ ಅಭ್ಯಾಸವನ್ನ ಹೆಚ್ಚು ಪ್ರಚಾರಕ್ಕೆ ತಂದವರು ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಜೆ.

ಗುರು ಇಲ್ಲದೆ ಕಲಿಯೋರಿಗೆ ಸ್ಟ್ರಾನೇ ತಪ್ಪು ತೋರಿಸುತ್ತೆ, ನನಗೆ ಹಿಡಿಸಿದ್ದು ಇದೇ. ತುದಿಗೆ ಬೆರಳು ಒತ್ತಿ: ದನಿ ನಿಲ್ಲಬೇಕು. ನಿಲ್ಲದಿದ್ರೆ ಮೂಗಿಂದಲೋ ತುಟಿ ಸಂದಿಯಿಂದಲೋ ಗಾಳಿ ಸೋರ್ತಿದೆ. ಅರ್ಧ ಲೋಟ ನೀರಲ್ಲಿ ಎರಡು ಮೂರು ಸೆಂಟಿಮೀಟರ್ ಅದ್ದಿ ಊದಿ: ಗುಳ್ಳೆ ಒಂದೇ ಸಮ ಬಂದ್ರೆ ಉಸಿರು ಹತೋಟಿಯಲ್ಲಿದೆ, ತಡವರಿಸಿದ್ರೆ ಇಲ್ಲ. ಆಮೇಲೆ ಕೆಳಸ್ವರದಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸೋದು. ಕೊನೆಗೆ ನನ್ನ ಮಾಮೂಲಿ ಡೈಲಾಗು, '1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ...', ಅದರ ಏರಿಳಿತ ಮಾತ್ರ, ಅಕ್ಷರ ಇಲ್ಲದೆ, ಸ್ಟ್ರಾದೊಳಗೆ. ತಕ್ಷಣ ಸ್ಟ್ರಾ ತೆಗೆದು ಅದೇ ಮಾತು ಬಾಯಿಬಿಟ್ಟು ಹೇಳಿದ್ರೆ ದನಿ ಅದುರೋದು ಗಂಟಲಲ್ಲಲ್ಲ, ಮುಖದ ಮುಂಭಾಗದಲ್ಲಿ ಅನ್ನಿಸುತ್ತೆ, ಕತ್ತಿನ ನರ ಉಬ್ಬಲ್ಲ. ನಮ್ಮ ಮನೆಯವಳು 'ಬೆಳಿಗ್ಗೆ ಬೆಳಿಗ್ಗೆ ಏನ್ರೀ ಇದು, ಕೊಳಲು ಕಲೀತಿದ್ದೀರಾ?' ಅಂತಾಳೆ.

ಕೊರತೆ? ನೇರದ್ದು ಸ್ವಲ್ಪ ಅಗಲ. ಹೊಸಬರಿಗೆ ಅದೇ ಸರಿ, ಪಳಗಿದ ಮೇಲೆ ಇನ್ನೂ ಸಣ್ಣದು ಬೇಕೆನಿಸುತ್ತೆ. ಬಾಗಿದ್ದು ಈ ಕೆಲಸಕ್ಕೆ ಅಷ್ಟಕ್ಕಷ್ಟೇ. ಸ್ಟ್ರಾ ಇದೆ ಅಂತ ಉಳಿದದ್ದು ಬಿಡೋಹಾಗಿಲ್ಲ: ನೀರು ಕುಡೀಬೇಕು, ಪದೇಪದೇ ಕ್ಯಾಕರಿಸಬಾರದು, ಗಂಟಲು ಕೂತಾಗ ಪಿಸುಗುಟ್ಟಿದ್ರೂ ಅದಕ್ಕೆ ಶ್ರಮವೇ. ಮೆಣಸಿನ ಕಷಾಯ ಹಿತ ನಿಜ, ಆದ್ರೆ ಅದು ಹೋಗೋದು ಅನ್ನನಾಳಕ್ಕೆ, ಧ್ವನಿತಂತುಗಳಿಗಲ್ಲ.

ನಾಲ್ಕು ವಾರವಾದ್ರೂ ದನಿ ಒಡಕಲಾಗೇ ಇದ್ರೆ ಸ್ಟ್ರಾ ಪಕ್ಕಕ್ಕಿಟ್ಟು ಇಎನ್‌ಟಿ ಡಾಕ್ಟರ ಹತ್ರ ಧ್ವನಿತಂತು ನೋಡಿಸಿಕೊಳ್ಳಿ. ಉಸಿರು ಕಟ್ಟಿದ್ರೆ, ಕೆಮ್ಮಿದಾಗ ರಕ್ತ ಬಂದ್ರೆ ಒಂದು ದಿನವೂ ಕಾಯಬೇಡಿ. ದನಿ ಚಿಕಿತ್ಸೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ.

ಐದಕ್ಕೆ ನಾಲ್ಕು ಕೊಡ್ತೀನಿ. ಬಿಡಿಯಾಗಿ ಕೊಡ್ತಾರಾ ಕೇಳಿ ನೋಡಿ, ಕೊಟ್ರೆ ನೇರದ್ದೊಂದು, ಬ್ರಷ್ ಒಂದು ಸಾಕು.