ಹಣ ಕೊಟ್ಟು ರೆಸ್ಯೂಮೆ ಬರೆಸುವ ಮುನ್ನ ಇದನ್ನು ಓದಿ

ಉಚಿತವಾಗಿ 'ಎಟಿಎಸ್ ಸ್ಕೋರ್' (ಕಂಪನಿಗಳು ರೆಸ್ಯೂಮೆಗಳನ್ನು ಸೋಸಲು ಬಳಸುವ ತಂತ್ರಾಂಶದ ಲೆಕ್ಕದಲ್ಲಿ ನಿಮ್ಮ ರೆಸ್ಯೂಮೆಗೆ ಎಷ್ಟು ಅಂಕ ಎಂಬುದು) ತೋರಿಸುತ್ತೇವೆಂದು ಕರೆದು, ಕಡಿಮೆ ಅಂಕ ತೋರಿಸಿ ಹೆದರಿಸಿ, ಆಮೇಲೆ ರೆಸ್ಯೂಮೆ ಬರೆದುಕೊಡುತ್ತೇವೆನ್ನುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನ 2,950 ರೂಪಾಯಿ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ಸಂದರ್ಶನದ ಕೊಠಡಿಯಲ್ಲಿ ಸುಳ್ಳುಗಾರ್ತಿ ಎನ್ನಿಸಿಕೊಂಡು ಎದ್ದುಬರಬೇಕಾಯಿತು.

ನಾನು ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಬೇರೆ ಕೆಲಸ ಹುಡುಕುತ್ತಿದ್ದಾಗ ಅವರ ಲಿಂಕಿನಲ್ಲಿ ನನ್ನ ರೆಸ್ಯೂಮೆ ಹಾಕಿದೆ. ನೂರಕ್ಕೆ 38 ಎಂದು ಕೆಂಪು ಅಕ್ಷರದಲ್ಲಿ ಬಂತು. ಸ್ವಲ್ಪ ಹೊತ್ತಿನಲ್ಲೇ ಫೋನು. "ಮೇಡಂ, ನಿಮ್ಮ ರೆಸ್ಯೂಮೆ ಎಚ್‌ಆರ್ ಕಣ್ಣಿಗೇ ಬೀಳುತ್ತಿಲ್ಲ, ಸಾಫ್ಟ್‌ವೇರೇ ತೆಗೆದು ಹಾಕುತ್ತಿದೆ" ಎಂದರು. ಪ್ಯಾಕೇಜ್ 2,500, ಅದರ ಮೇಲೆ ಶೇ 18 ಜಿಎಸ್‌ಟಿ. ರೆಸ್ಯೂಮೆ ಬರೆದು ಕಂಪನಿಗಳಿಗೆ ತಾವೇ ಕಳುಹಿಸುತ್ತಾರಂತೆ. ಹಣ ಹಾಕಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಮೊದಲ ಪುಟದ ಚಿತ್ರವೊಂದನ್ನು ಮಾತ್ರ ಕಳುಹಿಸಿ, ವಿನ್ಯಾಸ ಒಪ್ಪಿಗೆಯೇ ಎಂದು ಕೇಳಿದರು. ಹೆಸರು, ವಿದ್ಯಾರ್ಹತೆ, ವಿಳಾಸ ಸರಿಯಾಗಿದ್ದವು, ಒಪ್ಪಿಗೆ ಎಂದೆ. ಪೂರ್ತಿ ಫೈಲ್ ನನ್ನ ಕೈಗೆ ಬರುವ ಮೊದಲೇ ಅದು ಕಂಪನಿಗಳಿಗೆ ಹೋಗಿತ್ತು.

ಸಂದರ್ಶನಕ್ಕೆ ಕರೆ ಬಂದಾಗ ನಿಜಕ್ಕೂ ಖುಷಿಪಟ್ಟಿದ್ದೆ. ಎದುರಿಗಿದ್ದ ಹಿರಿಯರು ಮುದ್ರಿತ ಪ್ರತಿಯ ಎರಡನೆಯ ಪುಟ ತಿರುಗಿಸಿ, ಪೆನ್ನಿನಿಂದ ಅಡಿಗೆರೆ ಎಳೆದಿದ್ದ ಸಾಲೊಂದರ ಮೇಲೆ ಬೆರಳಿಟ್ಟು, "ಎಸ್‌ಎಪಿ ಅಳವಡಿಕೆಯ ತಂಡವನ್ನು ನೀವೇ ಮುನ್ನಡೆಸಿದ್ದೀರಾ? ಯಾವ ಮಾಡ್ಯೂಲ್?" ಎಂದು ಕೇಳಿದರು. ಎಸ್‌ಎಪಿ ಎಂದರೆ ದೊಡ್ಡ ಕಂಪನಿಗಳು ಬಳಸುವ ವ್ಯವಹಾರದ ತಂತ್ರಾಂಶ. ನಮ್ಮ ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಇರುವುದು ಟ್ಯಾಲಿ ತಂತ್ರಾಂಶ. ನಾನು ಎಸ್‌ಎಪಿಯ ಪರದೆಯನ್ನೂ ಕಂಡವಳಲ್ಲ. ಅದರ ಕೆಳಗೆ, ತಿಂಗಳ ಕೊನೆಯ ಲೆಕ್ಕ ಮುಗಿಸುವ ಸಮಯವನ್ನು ಶೇ 40ರಷ್ಟು ಇಳಿಸಿದೆನೆಂದೂ ಇತ್ತು. ಇದನ್ನು ನಾನು ಬರೆದಿಲ್ಲ ಸರ್ ಎಂದೆ. "ನಿಮ್ಮ ರೆಸ್ಯೂಮೆಯನ್ನು ಇನ್ನಾರಮ್ಮ ಬರೆಯುತ್ತಾರೆ?" ಎಂದು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬಂದು ಫೈಲ್ ತರಿಸಿಕೊಂಡು ನೋಡಿದರೆ, ನಾನು ಮಾಡುವ ಕೆಲಸ ಒಂದೂ ಅದರಲ್ಲಿರಲಿಲ್ಲ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ 3ಬಿ ಸಲ್ಲಿಸುವುದು, ಸರಬರಾಜುದಾರರು ಏರಿಸಿದ ಬಿಲ್‌ಗಳನ್ನು ತೋರಿಸುವ 2ಬಿಯನ್ನು ಖರೀದಿ ಲೆಕ್ಕದೊಂದಿಗೆ ತಾಳೆ ನೋಡಿ ಬಿಲ್ ಏರಿಸದ ಸರಬರಾಜುದಾರರ ಬೆನ್ನು ಹತ್ತುವುದು, ಎಲ್ಲವನ್ನೂ ಅಳಿಸಿ ಹಾಕಿದ್ದರು. ಆ ಕಂಪನಿಯ ಜಾಹೀರಾತಿನಲ್ಲಿ ಕೇಳಿದ್ದೇ ಜಿಎಸ್‌ಟಿ ತಾಳೆ ಬಲ್ಲವರನ್ನು! ಅಳಿಸಿದ ಜಾಗದಲ್ಲಿ ಎರಡು ಕಾಲಂ ಮಾಡಿ, ಫೋಟೊ ಅಂಟಿಸಿ, ಟ್ಯಾಲಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದರು. ನನಗೆ ನಕ್ಷತ್ರ ಕೊಡಲು ಇವರು ಯಾರು? ಇಂಥ ಕಾಲಂ, ಚಿತ್ರಗಳನ್ನು ಸರಿಯಾಗಿ ಓದಲು ಎಷ್ಟೋ ಎಟಿಎಸ್ ತಂತ್ರಾಂಶಗಳಿಗೆ ಬರುವುದಿಲ್ಲ. ಯಾವ ತಂತ್ರಾಂಶದ ಹೆಸರು ಹೇಳಿ ಹೆದರಿಸಿದರೋ ಅದಕ್ಕೇ ಒಗ್ಗದ ಮಾದರಿಯನ್ನು ನನಗೆ ಮಾರಿದ್ದಾರೆ.

ಅನುಮಾನ ಬಂದು ಅವರೇ ಬರೆದ ಆ ರೆಸ್ಯೂಮೆಯನ್ನು ಅವರದೇ ಲಿಂಕಿಗೆ, ಬೇರೆ ಇಮೇಲ್ ಕೊಟ್ಟು ಹಾಕಿದೆ. ಬಂದ ಅಂಕ 41. ಅದೇ ಕೆಂಪು ಅಕ್ಷರ, ಅದೇ ಎಚ್ಚರಿಕೆ, ಅದೇ ಪ್ಯಾಕೇಜ್‌ನ ಜಾಹೀರಾತು. ಮೋಸ ಹೋದೆನೆಂದು ಖಚಿತವಾದದ್ದು ಆ ಗಳಿಗೆಯಲ್ಲಿ. ಚಿತ್ರ ತೆಗೆದು ಕಳುಹಿಸಿದರೆ, "ಮೇಡಂ, ಅದು ಫ್ರೀ ಟೂಲ್, ಅಂದಾಜು ಮಾತ್ರ" ಎಂದರು. ಹಣ ಕೀಳುವಾಗ ಅದು ಅಂದಾಜಾಗಿರಲಿಲ್ಲವೇ? ಎಸ್‌ಎಪಿ ವಿಷಯ ಕೇಳಿದ್ದಕ್ಕೆ, "ಎಲ್ಲರೂ ಸ್ವಲ್ಪ ಹೆಚ್ಚಿಗೆ ಹಾಕಿಕೊಳ್ಳುತ್ತಾರೆ ಮೇಡಂ, ನೀವು ಇಂಟರ್‌ವ್ಯೂನಲ್ಲಿ ಕಾನ್ಫಿಡೆನ್ಸ್ ತೋರಿಸಬೇಕಿತ್ತು" ಎಂಬ ಉತ್ತರ. ಹಣ ವಾಪಸ್ ಕೇಳಿದ್ದಕ್ಕೆ, "ನೀವೇ ಅಪ್ರೂವ್ ಮಾಡಿದ್ದೀರಿ." ಪುಟದ ಬಣ್ಣ ಒಪ್ಪಿದ್ದನ್ನು ಸುಳ್ಳನ್ನೂ ಒಪ್ಪಿದಂತೆ ಮಾಡಿಬಿಟ್ಟರು.

ಜಿಎಸ್‌ಟಿ ಎಂದು 450 ರೂಪಾಯಿ ಪಡೆದವರ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯೇ ಇಲ್ಲ. ನೋಂದಣಿ ಇಲ್ಲದವರು ಆ ತೆರಿಗೆ ಸಂಗ್ರಹಿಸುವಂತಿಲ್ಲ. ಯಾರೇ ಆಗಲಿ, ಹಣ ಹಾಕುವ ಮುನ್ನವೇ ಆ 15 ಅಕ್ಷರ-ಅಂಕಿಗಳ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕರ್ನಾಟಕದ ನೋಂದಣಿಯಾದರೆ 29ರಿಂದ ಆರಂಭವಾಗುತ್ತದೆ. ನಿಮ್ಮ ರೆಸ್ಯೂಮೆಯನ್ನು ನಿಮ್ಮ ಕೈಯಿಂದಲ್ಲದೆ ಇನ್ನೊಬ್ಬರಿಂದ ಕಳುಹಿಸಲು ಬಿಡಬೇಡಿ. ಬರೆಯಲು ಬಾರದಿದ್ದರೆ, ಜಾಹೀರಾತಿನಲ್ಲಿ ಕೇಳಿದ ಕೆಲಸಗಳಲ್ಲಿ ನೀವು ಮಾಡಿದ್ದನ್ನು ಒಂದೇ ಕಾಲಂನಲ್ಲಿ, ಸರಳವಾಗಿ, ವರ್ಷ ಸಮೇತ ಬರೆದರೆ ಸಾಕು. ಇವರ ನಕ್ಷತ್ರಗಳಿಗಿಂತ ಅದು ಎಷ್ಟೋ ಮೇಲು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಊರಿನಲ್ಲೇ ದೂರು ದಾಖಲಿಸಬಹುದು. ಹಣ ಇನ್ನೂ ಬಂದಿಲ್ಲ. ನನ್ನ ಹೆಸರಿನ ಆ ಸುಳ್ಳು ಯಾವ ಯಾವ ಕಂಪನಿಗೆ ಹೋಗಿದೆ, ಪಟ್ಟಿಯನ್ನಾದರೂ ಕೊಡಿ, ನಾನೇ ಬರೆದು ಸರಿಪಡಿಸಿಕೊಳ್ಳುತ್ತೇನೆಂದು ಕೇಳಿದ್ದಕ್ಕೆ ನಿನ್ನೆ ಬಂದ ಉತ್ತರ: "ಅದು ಕಾನ್ಫಿಡೆನ್ಷಿಯಲ್ ಮೇಡಂ."